ಪೆನ್ಸಿಲ್ ಗೆರೆಯ ದಪ್ಪ

ಮನೆಗೆ ಹಳದಿ, ಅಂಗಡಿಗೆ ಕೆಂಪು,
ಕಾರ್ಖಾನೆಗೆ ನೇರಳೆ.
ಯಾಕೆ ನೇರಳೆ ಅಂತ ಯಾರೂ ಹೇಳಿಕೊಡಲಿಲ್ಲ.
ಫಾಲ್ ರಿವರ್‌ನ ಗಿರಣಿಗಳು ಬೂದುಗಲ್ಲಿನವು,
ಒಳಗೆ ನೂತವರ ಕೆಮ್ಮು ಬಿಳಿ ಇತ್ತಂತೆ, ಹತ್ತಿಯ ಹಾಗೆ.
ನಕ್ಷೆ ಕೋಣೆಯ ಕೆಲಸಕ್ಕೆ ನಾನು ಸೇರಿದ ವರ್ಷ
ಡಬ್ಬಿಯಲ್ಲಿ ನೇರಳೆ ಪೆನ್ಸಿಲೇ ಎಲ್ಲಕ್ಕಿಂತ ಉದ್ದ:
ಸವೆಸಲು ಕಾರ್ಖಾನೆ ಉಳಿದಿರಲಿಲ್ಲ.

ಇವತ್ತು ಸಂಜೆ ಏಳಕ್ಕೆ ವಿಚಾರಣೆ.
ಅರ್ಜಿದಾರಳು ದೆಯೊಲಿಂಡಾ ಕಬ್ರಾಲ್.
ಅವಳ ಲಾಂಡ್ರಿಗೆ ಇನ್ನೊಂದು ಬಾಯ್ಲರ್ ಬೇಕು.
ಎರಡು ಆಸ್ಪತ್ರೆ, ಒಂದು ವೃದ್ಧಾಶ್ರಮ, ನಾಲ್ಕು ಮೀನಿನ ಹೋಟೆಲು,
ಎಲ್ಲದರ ಕಲೆಯೂ ಅವಳ ಕೈಗೇ ಬರುತ್ತದೆ.

ನಿಯಮಾವಳಿ ಕೇಳುತ್ತದೆ: ನೀನು ಯಾವ ಕುಲ?
ಓಣಿಯವರ ಅಂಗಿ ಒಗೆದರೆ ಅಂಗಡಿ.
ಆಸ್ಪತ್ರೆಯ ಹಾಸು ಒಗೆದರೆ ವ್ಯಾಪಾರ-ಸೇವೆ.
ದಿನಕ್ಕೆ ಇಷ್ಟು ಮಣ ದಾಟಿದರೆ ಕೈಗಾರಿಕೆ.
ನೀರು ಅದೇ. ಸೋಪು ಅದೇ. ಬೆರಳ ತುದಿಯ ಸುಕ್ಕೂ ಅದೇ.
ಬೇಲಿ ಎಂಟಡಿ, ಲಾರಿ ತಿರುಗಲು ಐವತ್ತು,
ಮತ್ತು ವಾಸನೆ, ಗಡಿಯಾಚೆಗೆ,
'ಸಾಮಾನ್ಯ ಮೂಗಿಗೆ' ತಿಳಿಯತಕ್ಕದ್ದಲ್ಲ.
ಅಧ್ಯಕ್ಷರಿಗೆ ನೆಗಡಿ. ಸಭೆ ನಕ್ಕಿತು, ಅವರೂ ನಕ್ಕರು.

ಪಕ್ಕದ ಮನೆಯ ತರುಣ ಎದ್ದು ನಿಂತ, ವಿಟಾಲ್ ಅಂತ ಹೆಸರು,
ಹೆಗಲ ಮೇಲೆ ಕೂಸು.
ಮನೆ ಅಂದರೆ ಗಿರಣಿಯ ಮೂರನೇ ಮಹಡಿ,
ಮಗ್ಗಗಳಿದ್ದಲ್ಲಿ ಈಗ ತೊಟ್ಟಿಲು.
'ರಾತ್ರಿ ಎರಡಕ್ಕೆ ಗೋಡೆ ಗುಂಯ್ ಅನ್ನುತ್ತದೆ,
ನಾವೂ ಸಾಲ ಮಾಡಿ ಕೊಂಡವರು' ಅಂದ.
ಸುಳ್ಳಲ್ಲ. ಕೂಸು ಅಷ್ಟು ಗದ್ದಲದಲ್ಲೂ ನಿದ್ದೆಯಲ್ಲಿತ್ತು,
ಅದನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ.

ಆಮೇಲೆ ಅವನ ವಕೀಲರು ಪರದೆಯ ಮೇಲೆ ನಕ್ಷೆ ಹಾಕಿದರು.
ನನ್ನ ನಕ್ಷೆ.
ದೊಡ್ಡದು ಮಾಡಿದರು, ಇನ್ನೂ ದೊಡ್ಡದು,
ಹಳದಿಗೂ ನೇರಳೆಗೂ ನಡುವೆ ನಾನೆಳೆದ ಗೆರೆ
ಉಬ್ಬಿ ಉಬ್ಬಿ ಕಾಲುವೆಯಷ್ಟಾಯಿತು.
ಹಿಡಿಯಷ್ಟು ಕಾಗದದಲ್ಲಿ ಒಂದು ಬೀದಿ ಹಿಡಿಸುವ ಆ ಅಳತೆಯಲ್ಲಿ
ಮೊಂಡು ಪೆನ್ಸಿಲಿನ ಒಂದು ಗೆರೆಯ ದಪ್ಪ
ನೆಲದ ಮೇಲೆ ಎಂಟಡಿ.
ಬಾಯ್ಲರಿನ ಅಗಲವೂ ಎಂಟಡಿ.

ಆಚೆಯಲ್ಲ, ಈಚೆಯಲ್ಲ:
ಬಾಯ್ಲರ್ ಕೂರುವುದು ಗೆರೆಯೊಳಗೆ.

ಕೊನೆಯ ಬೆಂಚಿನಲ್ಲಿ ನಾನು ಕೈಚೀಲದ ಜಿಪ್ಪು ಎಳೆಯುತ್ತಿದ್ದೆ.
ಆ ಮಧ್ಯಾಹ್ನ ನೆನಪಿದೆ. ಪೆನ್ಸಿಲ್ ಕೆತ್ತುವ ಯಂತ್ರ ಕೆಟ್ಟಿತ್ತು,
ಚಾಕು ಮೇಲಿನ ಮಹಡಿಯ ಓ'ರೂರ್ಕನ ಬಳಿ,
ಅವನ ಜೊತೆ ನಾನು ಆ ವಾರ ಮಾತು ಬಿಟ್ಟಿದ್ದೆ.
ಮೊಂಡಾದರೆ ಮೊಂಡು ಅಂತ ಎಳೆದುಬಿಟ್ಟೆ.
ಮೂವತ್ತಾರು ವರ್ಷ ಅದು ಕಾನೂನಾಗಿತ್ತು.

ಗೆರೆ ಸಂದಿಗ್ಧವಾದಲ್ಲಿ ಅದರ ನಡುಮಧ್ಯವೇ ಗಡಿ,
ಪುಟ ತೆರೆದು ಓದಿದರು ಅಧ್ಯಕ್ಷರು.
ಹಾಗಾದರೆ ಅರ್ಧ ಬಾಯ್ಲರ್ ಉರಿಯಬಹುದು,
ಅರ್ಧ ಆರಿರಬೇಕು.
ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ
ಮುಂದಿನ ತಿಂಗಳಿಗೆ ಹಾಕಿದರು.

ದೆಯೊಲಿಂಡಾ ಗಡಿಯಾರ ನೋಡಿದಳು, ರಾತ್ರಿ ಪಾಳಿ ಹತ್ತಕ್ಕೆ.
ನಾನು ಅವಳ ಹಿಂದೆಯೇ ಹೋದೆ, ಒಪ್ಪಿಕೊಳ್ಳಬೇಕು ಅಂತ.
ಬಾಗಿಲು ದಾಟಿದ್ದೇ ಕನ್ನಡಕದ ಮೇಲೆ ಆವಿ.
'ಇರೇನ್ ಲವುವಾ ಅಂತ, ನಕ್ಷೆ ಬರೆದವಳು' ಅಂದೆ.
ಅವಳಿಗೆ ಯಂತ್ರದ ಸದ್ದಿನಲ್ಲಿ ಕೇಳಲಿಲ್ಲವೋ,
ಕೇಳಿತೋ.
ಬಿಸಿ ಹಾಸಿನ ಎರಡು ಮೂಲೆ ನನ್ನ ಕೈಗಿತ್ತು
ತನ್ನೆರಡು ಮೂಲೆ ಹಿಡಿದು ಹಿಂದೆ ಹಿಂದೆ ಹೋದಳು,
ಜಗ್ಗಿದಳು, ಕೊಡವಿದಳು,
ನಡುವಿಗೆ ಮಡಚಿ ನನ್ನೆಡೆಗೆ ನಡೆದು ಬಂದಳು.

ಅಂಚು ನನ್ನ ಕಡೆ ಎರಡು ಬೆರಳು ಹೆಚ್ಚಾಗಿತ್ತು.
ಕಣ್ಣೆತ್ತಿ ನೋಡಿದಳು.
ಏನೂ ಅನ್ನದೆ ಬಿಡಿಸಿದಳು,
ಮೊದಲಿಂದ.